ಒಂದೇ ರಸ್ತೆ, ಬೇರೆ ಬೇರೆ ಪೆಟ್ಟು: ನಡೆಯುವವರ, ಸೈಕಲ್ ತುಳಿಯುವವರ ಗಾಯದಲ್ಲಿ ವಯಸ್ಸು ಮತ್ತು ಲಿಂಗದ ಪಾತ್ರ

12 ಮೀಟರ್ ಅಗಲದ ಒಂದು ರಸ್ತೆ. ನಡೆಯುವವರಿಗೆ ಹಸಿರು ದೀಪ ಬಿದ್ದಿದೆ. ದಾಟಲು ಸಿಗುವುದು 10 ಸೆಕೆಂಡ್. ಮೂವತ್ತರ ಆಸುಪಾಸಿನವರೊಬ್ಬರು ಫೋನಿನಲ್ಲಿ ಮಾತಾಡುತ್ತಲೇ ದಾಟಿಬಿಡುತ್ತಾರೆ. ಅವರ ಜೊತೆಗೇ ಹೆಜ್ಜೆ ಇಟ್ಟ ಎಪ್ಪತ್ತೈದರ ಅಜ್ಜಿ ಆ ಹೊತ್ತಿಗೆ ಎಲ್ಲಿರುತ್ತಾರೆ? ಅವರಿಗೆ ಇನ್ನೂ 4 ಮೀಟರ್ ಬಾಕಿ. ಅಂದರೆ ಒಂದು ಇಡೀ ಲೇನ್. ಅಷ್ಟರಲ್ಲಿ ಗಾಡಿಗಳು ಹೊರಟಾಯಿತು.

ಇದು ಸುಮ್ನೆ ಊಹಿಸಿದ ಚಿತ್ರವಲ್ಲ. ದಾಟುವವರು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಎಂದು ಹಿಡಿದುಕೊಂಡೇ ಎಷ್ಟೋ ದೇಶಗಳಲ್ಲಿ ಸಿಗ್ನಲ್ ಸಮಯ ಹೊಂದಿಸಿದ್ದಾರೆ. ಆದರೆ ಇಂಗ್ಲೆಂಡ್‌ನಲ್ಲಿ 65 ದಾಟಿದವರ ನಡಿಗೆ ಅಳೆದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಗಂಡಸರ ಸರಾಸರಿ ವೇಗ ಸೆಕೆಂಡಿಗೆ 0.9 ಮೀಟರ್, ಹೆಂಗಸರದ್ದು 0.8 ಮೀಟರ್. ರಸ್ತೆಯೂ ಅದೇ, ಸಿಗ್ನಲ್ಲೂ ಅದೇ. ಆದರೆ ಅಲ್ಲಿ ಎದುರಾಗುವ ಅಪಾಯ ಎಲ್ಲರಿಗೂ ಒಂದೇ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ವರದಿಯಂತೆ ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ. ಅವರಲ್ಲಿ 2.74 ಲಕ್ಷ ಮಂದಿ ನಡೆದು ಹೋಗುತ್ತಿದ್ದವರು, 71 ಸಾವಿರ ಮಂದಿ ಸೈಕಲ್ ಸವಾರರು. 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ರೋಗವಲ್ಲ, ರಸ್ತೆ ಅಪಘಾತ. ಒಟ್ಟು ರಸ್ತೆ ಸಾವುಗಳಲ್ಲಿ ಗಂಡಸರ ಪ್ರಮಾಣ ಹೆಂಗಸರಿಗಿಂತ ಸುಮಾರು ಮೂರು ಪಟ್ಟು. ಇಂಥ ಅಂಕಿಗಳನ್ನು ಓದಿದ ಕೂಡಲೇ 'ಗಂಡಸರಿಗೆ ಅಜಾಗರೂಕತೆ ಜಾಸ್ತಿ, ಮಕ್ಕಳು ತುಂಟರು, ವಯಸ್ಸಾದವರು ನಿಧಾನ' ಅಂದುಬಿಡುವುದು ಸುಲಭ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧಕ್ಕಿಂತ ಹೆಚ್ಚು ವಿಷಯ ಕೈತಪ್ಪಿ ಹೋಗುತ್ತದೆ.

## ಒಂದು ಅಂಕಿಯೊಳಗೆ ಮೂರು ಪ್ರಶ್ನೆ

ಮಳೆಯಲ್ಲಿ ಹೊರಗೆ ಹೋದವರಿಗೆ ಜ್ವರ ಬಂತು ಅಂದುಕೊಳ್ಳಿ. ನಾವು ಏನು ಕೇಳುತ್ತೇವೆ? ಎಷ್ಟು ಹೊತ್ತು ಹೊರಗಿದ್ದೆ? ನೆನೆದೆಯಾ? ನೆನೆದರೆ ನಿನಗೆ ಬೇಗ ಜ್ವರ ಹಿಡಿಯುತ್ತದಾ? ಈ ಮೂರೂ ಬೇರೆ ಬೇರೆ ಪ್ರಶ್ನೆಗಳು.

ರಸ್ತೆ ಗಾಯದ ಲೆಕ್ಕವೂ ಹೀಗೆಯೇ. ಮೊದಲನೆಯದು, ಆ ವ್ಯಕ್ತಿ ರಸ್ತೆಯಲ್ಲಿ ಎಷ್ಟು ಹೊತ್ತು, ಎಷ್ಟು ದೂರ ಇರುತ್ತಾರೆ. ಎರಡನೆಯದು, ಇದ್ದಷ್ಟು ಹೊತ್ತಿನಲ್ಲಿ ಗಾಡಿ ಬಡಿಯುವ ಸಾಧ್ಯತೆ ಎಷ್ಟು. ಮೂರನೆಯದು, ಬಡಿದರೆ ಆ ದೇಹ ಎಷ್ಟು ತಡೆದುಕೊಳ್ಳುತ್ತದೆ. ವಯಸ್ಸು ಮತ್ತು ಲಿಂಗ ಈ ಮೂರರ ಮೇಲೂ ಪರಿಣಾಮ ಬೀರುತ್ತವೆ, ಆದರೆ ಒಂದೊಂದರ ಮೇಲೆ ಒಂದೊಂದು ರೀತಿ. ಹರೆಯದ ಹುಡುಗನ ತೊಂದರೆ ಹೆಚ್ಚಾಗಿ ಮೊದಲ ಎರಡು ಪ್ರಶ್ನೆಗಳಲ್ಲಿದೆ. ಅಜ್ಜಿಯ ತೊಂದರೆ ಮೂರನೆಯದರಲ್ಲಿ.

ಈ ಮೂರನ್ನು ಕಲಸಿಬಿಟ್ಟರೆ ಲೆಕ್ಕ ಹೇಗೆ ತಲೆಕೆಳಗಾಗುತ್ತದೆ ಎನ್ನುವುದಕ್ಕೆ ಒಂದು ಕಲ್ಪಿತ ಉದಾಹರಣೆ ನೋಡಿ. ಒಂದು ಊರಲ್ಲಿ ವರ್ಷಕ್ಕೆ ಸೈಕಲ್ ತುಳಿಯುವ 30 ಗಂಡಸರಿಗೆ, 10 ಹೆಂಗಸರಿಗೆ ಗಾಯವಾಯಿತು. ಗಂಡಸರಿಗೇ ಅಪಾಯ ಹೆಚ್ಚು ಅನ್ನಿಸುತ್ತದೆ ಅಲ್ವಾ? ಈಗ ಇನ್ನೊಂದು ವಿಷಯ ಸೇರಿಸೋಣ. ಆ ವರ್ಷ ಗಂಡಸರೆಲ್ಲ ಸೇರಿ 6 ಲಕ್ಷ ಕಿಲೋಮೀಟರ್ ತುಳಿದಿದ್ದರು, ಹೆಂಗಸರು 1 ಲಕ್ಷ. ಲಕ್ಷ ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಗಂಡಸರಲ್ಲಿ 5 ಗಾಯ, ಹೆಂಗಸರಲ್ಲಿ 10. ಅಂಕಿ ಸುಳ್ಳಲ್ಲ, ಭಾಗಿಸಿದ್ದು ಯಾವುದರಿಂದ ಎನ್ನುವುದಷ್ಟೇ ಬದಲಾಯಿತು. ಆದ್ದರಿಂದ ಇಂಥ ಅಂಕಿ ಕಂಡಾಗ ಅದು ಲಕ್ಷ ಜನರಿಗೋ, ಲಕ್ಷ ಕಿಲೋಮೀಟರಿಗೋ ಅಂತ ಮೊದಲು ನೋಡಬೇಕು.

## ಮಗುವಿನ ಕಣ್ಣಿಗೆ ಕಾಣುವ ರಸ್ತೆ

ಒಮ್ಮೆ ನಿಂತಿರುವ ಎರಡು ಕಾರುಗಳ ನಡುವೆ ಮಂಡಿಯೂರಿ ಕೂತು ರಸ್ತೆಯ ಕಡೆ ನೋಡಿ. ಎದುರಿಗೆ ಒಂದು ಬಾಗಿಲು, ಒಂದು ಚಕ್ರ, ಅದರಾಚೆ ಒಂದು ಪಟ್ಟಿಯಷ್ಟು ರಸ್ತೆ. ಬರುತ್ತಿರುವ ಗಾಡಿ ಕಾಣಬೇಕಾದರೆ ತಲೆ ರಸ್ತೆಗೆ ಚಾಚಬೇಕು. ಐದು ವರ್ಷದ ಮಗು ಸುಮಾರು 1.1 ಮೀಟರ್ ಎತ್ತರ ಇರುತ್ತದೆ. ಅದಕ್ಕೆ ರಸ್ತೆ ಯಾವಾಗಲೂ ಕಾಣುವುದು ಹೀಗೆಯೇ. ಚಾಲಕನಿಗೆ ಮಗುವೂ ಅಷ್ಟೇ ಕಡಿಮೆ ಕಾಣುತ್ತದೆ.

ಕಂಡರೂ ಸಾಲದು, ಗಾಡಿಯ ವೇಗ ಅಂದಾಜು ಮಾಡಬೇಕು. ದೂರದಿಂದ ನಮ್ಮ ಕಡೆಗೇ ಬರುವ ಕಾರು ಪಕ್ಕಕ್ಕೆ ಸರಿಯುವುದಿಲ್ಲ, ನಿಂತಲ್ಲೇ ದೊಡ್ಡದಾಗುತ್ತಾ ಹೋಗುತ್ತದೆ. ಎಷ್ಟು ಬೇಗ ದೊಡ್ಡದಾಗುತ್ತಿದೆ ಎನ್ನುವುದರಿಂದ ಮೆದುಳು ವೇಗವನ್ನು ಲೆಕ್ಕ ಹಾಕುತ್ತದೆ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೋವೇಯಲ್ಲಿ ಜಾನ್ ವಾನ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಪ್ರಾಥಮಿಕ ಶಾಲೆಯ ಮಕ್ಕಳು ಗಂಟೆಗೆ ಸುಮಾರು 32 ಕಿಲೋಮೀಟರಿಗಿಂತ ವೇಗವಾಗಿ ಬರುವ ಗಾಡಿಯನ್ನು ಖಚಿತವಾಗಿ ಗುರುತಿಸಲಾರರು ಎನ್ನುವುದು ಅವರಿಗೆ ಕಂಡಿತು. ಇಲ್ಲಿ ಒಂದು ವಿಚಿತ್ರ ಇದೆ. ಗಾಡಿ ವೇಗವಾದಷ್ಟೂ, ಅದೇ ಸಮಯದ ಅಂತರದಲ್ಲಿ ಅದು ಹೆಚ್ಚು ದೂರದಲ್ಲಿರುತ್ತದೆ, ಹಾಗಾಗಿ ದೊಡ್ಡದಾಗುವುದು ನಿಧಾನವಾಗಿ ಕಾಣುತ್ತದೆ. ಬೆಳೆಯುತ್ತಿರುವ ಕಣ್ಣು-ಮೆದುಳಿಗೆ ಅದು ನಿಂತ ಗಾಡಿಯ ಹಾಗೆ ತೋರಬಹುದು. 'ನೋಡಿಕೊಂಡು ದಾಟು' ಅಂತ ನಾವು ಹೇಳುತ್ತೇವೆ. ಮಗು ನೋಡಿಯೇ ದಾಟಿರುತ್ತದೆ.

ಇದರ ಜೊತೆಗೆ ಗಮನದ ಪ್ರಶ್ನೆ. ಚೆಂಡು ರಸ್ತೆಗೆ ಉರುಳಿದಾಗ ಮಗುವಿಗೆ ಇರುವುದು ಚೆಂಡು ಮಾತ್ರ. ಏಳುತ್ತಿರುವ ಕಾಲನ್ನು ಅರ್ಧದಲ್ಲೇ ತಡೆಯುವ ಶಕ್ತಿ ಮೆದುಳಿಗೆ ತಡವಾಗಿ ಬರುತ್ತದೆ. ಸ್ವೀಡನ್‌ನ ಮನಶ್ಶಾಸ್ತ್ರಜ್ಞೆ ಸ್ಟಿನಾ ಸಾಂಡೆಲ್ಸ್ 1960ರ ದಶಕದಿಂದಲೇ ಮಕ್ಕಳನ್ನು ರಸ್ತೆಯಲ್ಲಿ ಗಮನಿಸಿ ಹೇಳಿದ ಮಾತು ಇದು: ಚಿಕ್ಕ ಮಕ್ಕಳನ್ನು ವಾಹನ ಸಂಚಾರಕ್ಕೆ ಹೊಂದಿಸುವುದು ಆಗುವ ಕೆಲಸವಲ್ಲ, ಸಂಚಾರವನ್ನೇ ಮಕ್ಕಳಿಗೆ ಹೊಂದಿಸಬೇಕು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ ಮಾತು.

## ಪೆಟ್ಟು ಬೀಳುವ ಎತ್ತರ

ನಿಂತ ದೊಡ್ಡವರಿಗೆ ಸಾಮಾನ್ಯ ಕಾರು ಬಡಿದರೆ ಮೊದಲ ಪೆಟ್ಟು ಬಂಪರಿನದು, ಮಂಡಿಯ ಆಸುಪಾಸಿಗೆ. ಕಾಲು ಕೆಳಗಿಂದ ಕಿತ್ತುಬಂದಂತಾಗಿ ದೇಹ ಬಾನೆಟ್ ಮೇಲೆ ಮಗುಚುತ್ತದೆ. ತಲೆ ಬಾನೆಟ್‌ಗೋ ಮುಂದಿನ ಗಾಜಿಗೋ ಬಡಿಯುತ್ತದೆ. ಆಮೇಲೆ ನೆಲಕ್ಕೆ ಬೀಳುವಾಗ ಇನ್ನೊಂದು ಪೆಟ್ಟು. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ.

ಮಗುವಿಗೆ ಇದೇ ಬಂಪರ್ ತೊಡೆ, ಸೊಂಟಕ್ಕೆ ತಾಗುತ್ತದೆ. ಬಾನೆಟ್ಟಿನ ಅಂಚು ಎದೆಗೋ ತಲೆಗೋ ಬಡಿಯುತ್ತದೆ. ದೇಹ ಮೇಲಕ್ಕೆ ಮಗುಚುವ ಬದಲು ಮುಂದಕ್ಕೆ, ಕೆಳಕ್ಕೆ ತಳ್ಳಿಹೋಗುತ್ತದೆ. ಚಕ್ರದಡಿಗೆ ಸಿಗುವ ಭಯ ಇರುವುದು ಇಲ್ಲೇ. ಮೈಗೆ ಹೋಲಿಸಿದರೆ ಮಕ್ಕಳ ತಲೆ ದೊಡ್ಡದು, ಭಾರ. ಪಕ್ಕೆಲುಬು ಎಳೆಯದು. ಹಾಗಾಗಿ ಮೂಳೆ ಮುರಿಯದೆಯೇ ಒಳಗಿನ ಅಂಗಕ್ಕೆ ಪೆಟ್ಟಾಗಬಹುದು.

ಕುಳ್ಳಗಿರುವ ಹೆಂಗಸರದ್ದು ಈ ಎರಡರ ನಡುವಿನ ಸ್ಥಿತಿ. ಅದೇ ಬಂಪರ್ ಅವರಿಗೆ ಇನ್ನೂ ಮೇಲೆ ತಾಗುತ್ತದೆ. ಸೊಂಟದ ಕೆಳಭಾಗದ ಮೂಳೆಗೆ ಆಗುವ ಗಾಯ ಹೆಂಗಸರಲ್ಲಿ ಹೆಚ್ಚು ಕಾಣುತ್ತದೆ. ಕಾರಿನ ಮುಂಭಾಗವನ್ನು ಪರೀಕ್ಷಿಸಲು ಬಳಸುವ ಕೃತಕ ಕಾಲನ್ನು ಮಾಡಿರುವುದು ಸರಾಸರಿ ಗಂಡಸಿನ ಅಳತೆಗೆ. ತಲೆಯ ಪರೀಕ್ಷೆಗಾದರೆ ಎರಡು ಅಳತೆ ಇವೆ: ದೊಡ್ಡವರದ್ದು 4.5 ಕಿಲೋ, ಮಗುವಿನದ್ದು 3.5 ಕಿಲೋ.

ಗಾಡಿಯ ಮೂತಿ ಎತ್ತರವಾದರೆ ದೊಡ್ಡವರೂ ಮಗುವಿನ ಸ್ಥಿತಿಗೆ ಇಳಿಯುತ್ತಾರೆ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಹೇಳಿದ ಪ್ರಕಾರ, ಬಾನೆಟ್ ನೆಲದಿಂದ ಸುಮಾರು 1 ಮೀಟರಿಗಿಂತ ಎತ್ತರ ಇರುವ ಗಾಡಿ ಬಡಿದರೆ ಪಾದಚಾರಿ ಸಾಯುವ ಸಾಧ್ಯತೆ, ತಗ್ಗಾದ ಇಳಿಜಾರು ಮೂತಿಯ ಕಾರಿಗೆ ಹೋಲಿಸಿದರೆ ಸುಮಾರು ಶೇ. 45 ಹೆಚ್ಚು. ಹವಾಯಿ ವಿಶ್ವವಿದ್ಯಾಲಯದ ಜಸ್ಟಿನ್ ಟಿಂಡಾಲ್ 2024ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು. ಮುಂಭಾಗದ ಎತ್ತರ 10 ಸೆಂಟಿಮೀಟರ್ ಏರಿದರೆ ಸಾವಿನ ಸಾಧ್ಯತೆ ಶೇ. 22 ಏರುತ್ತದೆ. ಮಕ್ಕಳು, ಹೆಂಗಸರು ಮತ್ತು ವಯಸ್ಸಾದವರ ವಿಷಯದಲ್ಲಿ ಏರಿಕೆ ಇನ್ನೂ ಜಾಸ್ತಿ.

ವೇಗದ ಬಗ್ಗೆ ಎರಡೇ ಮಾತು. ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 30 ಕಿಲೋಮೀಟರಿನಿಂದ 50ಕ್ಕೆ ಹೋದರೆ ಆ ಶಕ್ತಿ ಸುಮಾರು 2.8 ಪಟ್ಟು. 50ರಿಂದ 65ಕ್ಕೆ ಹೋದರೆ ಪಾದಚಾರಿ ಸಾಯುವ ಅಪಾಯ 4.5 ಪಟ್ಟು ಏರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

## ಗಂಡಸರ ಅಂಕಿ ಯಾಕೆ ದೊಡ್ಡದು?

ಹುಡುಗ-ಹುಡುಗಿಯರ ನಡುವಿನ ಈ ವ್ಯತ್ಯಾಸ ಚಿಕ್ಕ ವಯಸ್ಸಿನಲ್ಲೇ ಶುರುವಾಗುತ್ತದೆ. ಶಾಲೆಗೆ ಹೋಗುವ ವಯಸ್ಸಿನಲ್ಲೇ ರಸ್ತೆಯಲ್ಲಿ ಗಾಯವಾಗುವ ಹುಡುಗರ ಸಂಖ್ಯೆ ಹುಡುಗಿಯರದ್ದಕ್ಕಿಂತ ಹೆಚ್ಚಿರುತ್ತದೆ. ಇದರಲ್ಲಿ ಹುಟ್ಟು ಗುಣ ಎಷ್ಟು, ಬೆಳೆಸಿದ ರೀತಿ ಎಷ್ಟು ಎಂದು ಬಿಡಿಸುವುದು ಕಷ್ಟ. ಅದೇ ವಯಸ್ಸಿನಲ್ಲಿ ಅಕ್ಕನಿಗೆ 'ಮನೆ ಮುಂದೆ ಮಾತ್ರ' ಅನ್ನುವವರು ತಮ್ಮನನ್ನು ಬೀದಿಯ ಕೊನೆಯವರೆಗೆ ಬಿಡುತ್ತಾರೆ. ಸೈಕಲ್ ಮೊದಲು ಸಿಗುವುದೂ ಅವನಿಗೇ. ಮಳೆಯ ಹೋಲಿಕೆಯಲ್ಲಿ ಹೇಳುವುದಾದರೆ, ಅವನು ಹೊರಗೆ ಇರುವ ಹೊತ್ತೇ ಜಾಸ್ತಿ.

ದೊಡ್ಡವರಾದ ಮೇಲೆ ಕಾರಣಗಳು ಸೇರುತ್ತಾ ಹೋಗುತ್ತವೆ. ಹೆಚ್ಚು ದೂರ, ಹೆಚ್ಚು ವೇಗದ ರಸ್ತೆ, ರಾತ್ರಿ ಓಡಾಟ. ಕುಡಿದು ನಡೆಯುವವರಲ್ಲಿ, ಕುಡಿದು ಸೈಕಲ್ ತುಳಿಯುವವರಲ್ಲಿ ಗಂಡಸರು ಹೆಚ್ಚು. ಹದಿಹರೆಯದಿಂದ ಇಪ್ಪತ್ತೈದರವರೆಗೆ, ಗೆಳೆಯರು ನೋಡುತ್ತಿದ್ದರೆ ಸಾಹಸಕ್ಕೆ ಕೈಹಾಕುವುದು ಇನ್ನೂ ಹೆಚ್ಚು.

ಇದರ ಇನ್ನೊಂದು ಮಗ್ಗುಲನ್ನು ನಾವು ಮರೆತೇಬಿಡುತ್ತೇವೆ. ಗಾಯವಾಗುವುದು ಯಾರಿಗೆ ಎನ್ನುವುದು ಒಂದು, ಗಾಯ ಮಾಡುವ ಗಾಡಿಯಲ್ಲಿ ಯಾರಿದ್ದಾರೆ ಎನ್ನುವುದು ಇನ್ನೊಂದು. ಸಾರಿಗೆ ಸಂಶೋಧಕಿ ರೇಚಲ್ ಆಲ್ಡ್ರೆಡ್ ಮತ್ತು ಸಂಗಡಿಗರು ಇಂಗ್ಲೆಂಡ್‌ನ ಅಂಕಿಅಂಶ ಹಿಡಿದು 2020ರಲ್ಲಿ ಇದನ್ನು ಪ್ರಕಟಿಸಿದರು. ಓಡಿಸಿದ ಪ್ರತಿ ಕಿಲೋಮೀಟರಿಗೆ ಲೆಕ್ಕ ಹಾಕಿದಾಗ, ಬೇರೆಯವರ ಜೀವಕ್ಕೆ ತರುವ ಅಪಾಯ ಹೆಂಗಸರಿಗಿಂತ ಗಂಡಸು ಚಾಲಕರಲ್ಲಿ ಕಾರು, ವ್ಯಾನುಗಳ ಮಟ್ಟಿಗೆ ಎರಡು ಪಟ್ಟು, ಲಾರಿಗಳ ಮಟ್ಟಿಗೆ ನಾಲ್ಕು ಪಟ್ಟು ಇತ್ತು.

## ಸೈಕಲ್ ಮೇಲಿನ ಹೆಣ್ಣು

ಒಟ್ಟು ಸಂಖ್ಯೆಯಲ್ಲಿ ಸಾಯುವ ಸೈಕಲ್ ಸವಾರರಲ್ಲಿ ಗಂಡಸರೇ ಹೆಚ್ಚು. ಆದರೆ 2009ರಲ್ಲಿ ಲಂಡನ್‌ನಲ್ಲಿ ಲೆಕ್ಕ ಬೇರೆಯಾಗಿತ್ತು. ಆ ವರ್ಷ ಸತ್ತ 13 ಸೈಕಲ್ ಸವಾರರಲ್ಲಿ 10 ಮಂದಿ ಹೆಂಗಸರು. ಆ 10 ಜನರಲ್ಲಿ 8 ಜನ ಭಾರಿ ಲಾರಿಗಳಿಗೆ ಸಿಕ್ಕಿದವರು. ನಗರದಲ್ಲಿ ಸೈಕಲ್ ತುಳಿಯುವವರಲ್ಲಿ ಹೆಂಗಸರು ಕಡಿಮೆ ಇದ್ದರೂ ಹೀಗಾಯಿತು.

ಇದಕ್ಕೆ ಕೊಟ್ಟ ಒಂದು ವಿವರಣೆ ಹೀಗಿದೆ. ನಿಯಮ ಪಾಲಿಸುವ ಸವಾರಳು ಕೆಂಪು ದೀಪಕ್ಕೆ ನಿಲ್ಲುತ್ತಾಳೆ, ಅದೂ ರಸ್ತೆಯ ಎಡ ಅಂಚಿಗೆ ಸರಿದು. ಪಕ್ಕಕ್ಕೆ ಲಾರಿ ಬಂದು ನಿಲ್ಲುತ್ತದೆ. ಎತ್ತರದ ಕ್ಯಾಬಿನ್ನಿನ ಚಾಲಕನಿಗೆ ಎಡಗಡೆ ಬಾಗಿಲಿನ ಕೆಳಗಿನ ಜಾಗ ಕಾಣುವುದೇ ಇಲ್ಲ. ಹಸಿರು ಬೀಳುತ್ತದೆ, ಲಾರಿ ಎಡಕ್ಕೆ ತಿರುಗುತ್ತದೆ. ಇಲ್ಲಿ ಯಾರೂ ಸಾಹಸ ಮಾಡಲಿಲ್ಲ. ಅವಳು ಜೋಪಾನವಾಗಿ ನಿಂತ ಜಾಗವೇ ಅಪಾಯದ ಜಾಗವಾಗಿತ್ತು. ಮುಂದೆ ಆ ನಗರ ದೊಡ್ಡ ಲಾರಿಗಳ ಕ್ಯಾಬಿನ್ನಿನಿಂದ ನೇರವಾಗಿ ಎಷ್ಟು ಕಾಣುತ್ತದೆ ಎಂದು ಅಳೆದು ಅಂಕ ಕೊಟ್ಟು, ಅದರ ಮೇಲೆ ಪರವಾನಗಿ ಕೊಡುವ ನಿಯಮ ತಂದಿತು.

ನಿಧಾನವಾಗಿ ತುಳಿಯುವುದೂ ತೊಂದರೆ ತರುತ್ತದೆ. ಬ್ರಿಟನ್ನಿನಲ್ಲಿ ಸವಾರರೇ ಬರೆದಿಟ್ಟ ದಿನಚರಿಗಳನ್ನು ಆಧರಿಸಿ ಆಲ್ಡ್ರೆಡ್ ಮಾಡಿದ ಇನ್ನೊಂದು ಅಧ್ಯಯನದಲ್ಲಿ, ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳು ಪ್ರತಿ ಮೈಲಿಗೆ ಹೆಂಗಸರಿಗೇ ಹೆಚ್ಚು ಎದುರಾಗಿದ್ದವು. ಅವರ ಸರಾಸರಿ ವೇಗ ಕಡಿಮೆ ಇದ್ದದ್ದು ಒಂದು ಕಾರಣ. ನಿಧಾನ ಹೋದಷ್ಟೂ ಹಿಂದಿಕ್ಕುವ ಗಾಡಿಗಳು ಹೆಚ್ಚು.

ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ 2006ರಲ್ಲಿ ಸೈಕಲ್ಲಿಗೆ ದೂರ ಅಳೆಯುವ ಸಾಧನ ಕಟ್ಟಿಕೊಂಡು ರಸ್ತೆಗಿಳಿದಿದ್ದರು. ಹಿಂದಿಕ್ಕಿದ 2,300ಕ್ಕೂ ಹೆಚ್ಚು ಗಾಡಿಗಳು ಎಷ್ಟು ಹತ್ತಿರದಿಂದ ಹೋದವು ಎಂದು ದಾಖಲಿಸಿದರು. ಕೆಲವು ಸಲ ಉದ್ದ ಕೂದಲಿನ ವಿಗ್ ಹಾಕಿಕೊಂಡರು. ಹಿಂದಿನಿಂದ ಹೆಂಗಸಿನಂತೆ ಕಂಡಾಗ ಚಾಲಕರು ಸರಾಸರಿ 14 ಸೆಂಟಿಮೀಟರ್ ಹೆಚ್ಚು ಜಾಗ ಬಿಟ್ಟರು. ಇದು ಒಬ್ಬರೇ ಸವಾರರ ಪ್ರಯೋಗ, ಎಲ್ಲ ಕಡೆಗೂ ಹೊಂದಬೇಕೆಂದಿಲ್ಲ. ಆದರೆ ಸವಾರರು ಯಾರಂತೆ ಕಾಣುತ್ತಾರೆ ಎನ್ನುವುದೂ ಚಾಲಕರ ನಡವಳಿಕೆ ಬದಲಿಸುತ್ತದೆ ಎನ್ನುವುದು ಅದರಿಂದ ತಿಳಿಯಿತು.

## ವಯಸ್ಸಾದ ಮೈಯ ಲೆಕ್ಕ

ಯುರೋಪಿಯನ್ ಒಕ್ಕೂಟದ ಜನಸಂಖ್ಯೆಯಲ್ಲಿ 65 ದಾಟಿದವರು ಸುಮಾರು ಐದರಲ್ಲಿ ಒಬ್ಬರು. ಅಲ್ಲಿ ಅಪಘಾತದಲ್ಲಿ ಸಾಯುವ ಪಾದಚಾರಿಗಳಲ್ಲಿ ಅವರ ಪಾಲು ಹೆಚ್ಚುಕಡಿಮೆ ಅರ್ಧ. ಹಾಗಂತ ಅವರಿಗೆ ಗಾಡಿ ಬಡಿಯುವುದು ಅಷ್ಟು ಪಟ್ಟು ಹೆಚ್ಚು ಎಂದಲ್ಲ. ಬಡಿದರೆ ಬದುಕುವುದು ಕಷ್ಟ.

ಮೂಳೆಯಿಂದ ಶುರು ಮಾಡೋಣ. ವಯಸ್ಸಾದಂತೆ ಮೂಳೆಯೊಳಗಿನ ಜಾಲರಿ ತೆಳ್ಳಗಾಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಇದು ವೇಗವಾಗಿ ನಡೆಯುತ್ತದೆ. ಮೂವತ್ತರಲ್ಲಿ ಮಂಡಿ ತರಚಿ ಎದ್ದು ಹೋಗುವ ಬೀಳುವಿಕೆ ಎಪ್ಪತ್ತರಲ್ಲಿ ಸೊಂಟದ ಮೂಳೆ ಮುರಿತ.

ಪಕ್ಕೆಲುಬು ಮುರಿದರೆ ಇನ್ನೊಂದು ಕಷ್ಟ. ಉಸಿರೆಳೆದರೆ ನೋವು, ಹಾಗಾಗಿ ಮೇಲುಮೇಲೆ ಉಸಿರಾಡುತ್ತಾರೆ, ಕೆಮ್ಮಲು ಹೆದರುತ್ತಾರೆ. ಕಫ ಒಳಗೇ ಉಳಿದು ನ್ಯುಮೋನಿಯಾ ಆಗುತ್ತದೆ. ಅಪಘಾತವಾಗಿ ವಾರಗಳ ನಂತರ ಜೀವ ಹೋಗುವುದು ಎಷ್ಟೋ ಸಲ ಹೀಗೆ.

ತಲೆಯ ವಿಷಯ ಇನ್ನೂ ಸೂಕ್ಷ್ಮ. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ, ಬುರುಡೆಯೊಳಗೆ ಖಾಲಿ ಜಾಗ ಹೆಚ್ಚುತ್ತದೆ. ಒಣಗಿದ ತೆಂಗಿನಕಾಯಿಯ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುತ್ತದಲ್ಲ, ಹಾಗೆ. ಮೆದುಳಿನಿಂದ ಬುರುಡೆಯ ಕಡೆಗೆ ಹೋಗುವ ಸಣ್ಣ ರಕ್ತನಾಳಗಳು ಎಳೆದು ಕಟ್ಟಿದಂತೆ ಇರುತ್ತವೆ. ತಲೆ ಒಮ್ಮೆ ಜೋರಾಗಿ ಅಲುಗಿದರೆ ಸಾಕು, ಹರಿದುಹೋಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ ರಕ್ತ ಸೋರುವುದು ಬೇಗ ನಿಲ್ಲುವುದಿಲ್ಲ. ಬಿದ್ದ ದಿನ 'ಏನೂ ಆಗಿಲ್ಲ' ಅಂದವರು ನಾಲ್ಕು ದಿನ ಬಿಟ್ಟು ಮಾತು ತೊದಲಬಹುದು, ಮಂಕಾಗಬಹುದು. ವಯಸ್ಸಾದವರು ಬಿದ್ದು ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ ವೈದ್ಯರಿಗೆ ತೋರಿಸಬೇಕು, ಮಾತ್ರೆಗಳ ವಿಷಯವನ್ನೂ ಹೇಳಬೇಕು.

ದಾಟುವಾಗಿನ ತೊಂದರೆಯೂ ಕಾಲಿನದ್ದು ಮಾತ್ರ ಅಲ್ಲ. ಕತ್ತು ಪೂರ್ತಿ ತಿರುಗುವುದಿಲ್ಲ. ಮಬ್ಬು ಬೆಳಕಿನಲ್ಲಿ ಕಣ್ಣು ಸೋಲುತ್ತದೆ. ಎಡವುವ ಭಯಕ್ಕೆ ದೃಷ್ಟಿ ನೆಲದ ಮೇಲೇ ಇರುತ್ತದೆ. ಎರಡೂ ಕಡೆಯಿಂದ ಗಾಡಿ ಬರುವ ರಸ್ತೆಯಲ್ಲಿ ಮೊದಲರ್ಧ ಸರಿಯಾಗಿ ದಾಟಿ, ಉಳಿದರ್ಧದಲ್ಲಿ ಸಿಕ್ಕಿಬೀಳುವುದು ಇದರಿಂದಲೇ. ನಡುವೆ ನಿಲ್ಲಲು ಒಂದು ಕಟ್ಟೆ ಇದ್ದರೆ ಒಂದು ಕಷ್ಟದ ದಾಟುವಿಕೆ ಎರಡು ಸುಲಭದ ದಾಟುವಿಕೆಯಾಗುತ್ತದೆ.

ಸಿಂಗಪುರದಲ್ಲಿ 2009ರಿಂದ ಒಂದು ಏರ್ಪಾಡು ಇದೆ. ಹಿರಿಯರು ತಮ್ಮ ರಿಯಾಯಿತಿ ಕಾರ್ಡನ್ನು ಸಿಗ್ನಲ್ ಕಂಬದ ಯಂತ್ರಕ್ಕೆ ತಾಗಿಸಿದರೆ, ರಸ್ತೆಯ ಅಗಲಕ್ಕೆ ತಕ್ಕಂತೆ ಹಸಿರು ದೀಪ 3ರಿಂದ 13 ಸೆಕೆಂಡ್ ಹೆಚ್ಚು ಉರಿಯುತ್ತದೆ. ಮೊದಲು ಹೇಳಿದ ಅಜ್ಜಿಗೆ ಬೇಕಿದ್ದದ್ದು 5 ಸೆಕೆಂಡ್.

ಸೈಕಲ್ಲಿನಲ್ಲೂ ಇದೇ ಕಥೆ. ನೆದರ್‌ಲ್ಯಾಂಡ್ಸ್‌ನಲ್ಲಿ ವಯಸ್ಸಾದವರು ಸೈಕಲ್ ಬಿಡುವುದಿಲ್ಲ, ಈಗ ಬ್ಯಾಟರಿ ಸೈಕಲ್ ಬಂದ ಮೇಲಂತೂ ಇನ್ನೂ ದೂರ ಹೋಗುತ್ತಾರೆ. 2017ರಲ್ಲಿ ಅಲ್ಲಿ ಮೊದಲ ಸಲ ಕಾರಿನೊಳಗೆ ಸತ್ತವರಿಗಿಂತ (201) ಸೈಕಲ್ ಸವಾರರೇ (206) ಹೆಚ್ಚಾದರು. ಸತ್ತ ಸವಾರರಲ್ಲಿ ಹಿರಿಯರದ್ದೇ ದೊಡ್ಡ ಪಾಲು. ಹಾಗೆಂದು ಸೈಕಲ್ ಬಿಟ್ಟು ಮನೆಯಲ್ಲಿ ಕೂತರೆ ಸ್ನಾಯು ಸೋಲುತ್ತದೆ, ಮೈಯ ಸಮತೋಲನ ತಪ್ಪುತ್ತದೆ, ಮನೆಯೊಳಗೇ ಬೀಳುತ್ತಾರೆ.

## ಲೆಕ್ಕಕ್ಕೇ ಬರದ ಗಾಯಗಳು

ಸಾಮಾನ್ಯವಾಗಿ ರಸ್ತೆ ಅಪಘಾತ ಅಂದರೆ ವಾಹನವೊಂದು ಅದರಲ್ಲಿ ಸೇರಿರಲೇಬೇಕು. ಸೈಕಲ್ಲನ್ನೂ ವಾಹನ ಎಂದೇ ಎಣಿಸುತ್ತಾರೆ. ಫುಟ್‌ಪಾತಿನ ಎದ್ದ ಕಲ್ಲಿಗೆ ಎಡವಿ ಒಬ್ಬರ ಕೈ ಮುರಿದರೆ ಅದು ರಸ್ತೆ ಅಪಘಾತವಲ್ಲ. ಪೊಲೀಸರ ದಾಖಲೆಗೆ ಬರುವುದಿಲ್ಲ. ಯಾವ ಗಾಡಿಯೂ ತಾಗದೆ ಸೈಕಲ್ ಜಾರಿ ಬಿದ್ದರೆ ಅದು ರಸ್ತೆ ಅಪಘಾತವೇ. ಆದರೂ ಯಾರೂ ಪೊಲೀಸರಿಗೆ ಹೇಳುವುದಿಲ್ಲ, ನೇರ ಆಸ್ಪತ್ರೆಗೆ ಹೋಗುತ್ತಾರೆ.

ಹೀಗೆ ಬಿಟ್ಟುಹೋಗುವವರು ಯಾರು? ಹೆಚ್ಚಿನಂಶ ವಯಸ್ಸಾದವರು, ಅವರಲ್ಲೂ ಹೆಂಗಸರು. ಗಾಡಿಗೆ ಗಾಡಿ ಡಿಕ್ಕಿಯಾದ ಗಂಡಸಿನ ಗಾಯ ಅಂಕಿಯಲ್ಲಿ ಸಿಗುತ್ತದೆ. ಎಡವಿ ಬಿದ್ದ ಹೆಂಗಸಿನ ಗಾಯ ಸಿಗುವುದಿಲ್ಲ. ಸ್ವೀಡನ್ ಇದಕ್ಕಾಗಿ ಸ್ಟ್ರಾಡಾ ಎಂಬ ದಾಖಲೆ ಇಟ್ಟಿದೆ. ಪೊಲೀಸರು ಕೊಟ್ಟ ಮಾಹಿತಿ, ಆಸ್ಪತ್ರೆಗಳು ಕೊಟ್ಟ ಮಾಹಿತಿ ಎರಡನ್ನೂ ಅದು ಜೋಡಿಸುತ್ತದೆ. ನಡೆಯುವಾಗ ತಾವಾಗಿಯೇ ಬಿದ್ದವರೂ ಅದರಲ್ಲಿ ದಾಖಲಾಗುತ್ತಾರೆ.

ಅದೇ ದೇಶದ ಕಾರ್ಲ್ಸ್‌ಕೋಗ ಎಂಬ ಪಟ್ಟಣ 2011ರಲ್ಲಿ ತನ್ನ ಕೆಲಸಗಳನ್ನೆಲ್ಲ ಗಂಡು-ಹೆಣ್ಣಿನ ದೃಷ್ಟಿಯಿಂದ ಪರಿಶೀಲಿಸಿತು. ಹಿಮ ಬಿದ್ದಾಗ ಮೊದಲು ದೊಡ್ಡ ರಸ್ತೆ, ಕೊನೆಗೆ ಫುಟ್‌ಪಾತ್ ಮತ್ತು ಸೈಕಲ್ ದಾರಿಯ ಹಿಮ ತೆಗೆಯುವುದು ರೂಢಿಯಾಗಿತ್ತು. ಕಾರಿನಲ್ಲಿ ಹೋಗುವವರಲ್ಲಿ ಗಂಡಸರು ಹೆಚ್ಚು, ಮಗುವಿನ ಗಾಡಿ ತಳ್ಳಿಕೊಂಡು ಜಾರುವ ದಾರಿಯಲ್ಲಿ ನಡೆಯುವವರಲ್ಲಿ ಹೆಂಗಸರು ಹೆಚ್ಚು. ಪಟ್ಟಣದವರು ಸರದಿಯನ್ನು ತಿರುಗಿಸಿದರು. ಶಿಶುವಿಹಾರಗಳ ಸುತ್ತಲಿನ ದಾರಿ, ಫುಟ್‌ಪಾತ್, ಸೈಕಲ್ ದಾರಿ ಮೊದಲು, ದೊಡ್ಡ ರಸ್ತೆ ಆಮೇಲೆ.